ಬಣ್ಣದ ಮಾತು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಚಿತ್ರಕಲೆಯಲ್ಲಿ ಡಿಪ್ಲೊಮಾ ಮಾಡಿದ್ದೇನೆ. ಸಂಸಾರದ ನಡುವೆ ಎಷ್ಟೋ ವರ್ಷ ಬ್ರಷ್ ಮುಟ್ಟಲಿಲ್ಲ. ಈಗ ಜಲವರ್ಣ ಶುರುಮಾಡಿದರೆ ಅರ್ಧಕ್ಕೇ ಬಣ್ಣ ರಾಡಿಯಾಗಿ ಹಾಳೆ ಎತ್ತಿಡುತ್ತೇನೆ. ಐದು ವರ್ಷದ ಮಗಳು ಪಕ್ಕದಲ್ಲೇ ಕೂತು ಹತ್ತು ನಿಮಿಷಕ್ಕೊಂದು ಚಿತ್ರ ಮುಗಿಸುತ್ತಾಳೆ. ‘ಅಮ್ಮಾ, ನಿಂಗೂ ಬರತ್ತೆ, ಬಿಡ್ಸು’ ಅಂತಾಳೆ. ಆ ನಂಬಿಕೆ ನನಗೆ ಬರುವುದು ಹೇಗೆ?
– ಓದುಗರು, ದಾವಣಗೆರೆ

ಉತ್ತರ: ಆ ವಯಸ್ಸಿನ ಮಗು ಕಣ್ಣೆದುರಿನದನ್ನು ನಕಲು ಮಾಡುವುದಿಲ್ಲ, ತನಗೆ ಗೊತ್ತಿರುವುದನ್ನು ಬಿಡಿಸುತ್ತದೆ. ಅಜ್ಜಿ ಮುಖ್ಯವೆನಿಸಿದರೆ ಅಜ್ಜಿ ಮನೆಗಿಂತ ಎತ್ತರ. ಗೋಡೆ ಅಡ್ಡವಿದ್ದರೂ ಒಳಗಿನ ಮಂಚ ಕಾಣುತ್ತದೆ. ಹೋಲಿಸಿ ನೋಡುವ ಮಾದರಿಯೇ ಇಲ್ಲದ್ದರಿಂದ ಸೋತೆನೆಂಬ ಭಾವವೂ ಇಲ್ಲ. ನೀವು ಆ ಸ್ಥಿತಿಗೆ ಮರಳಲಾರಿರಿ, ಮರಳಬೇಕಾಗಿಯೂ ಇಲ್ಲ. ಅವಳು ಕೆಲಸ ಮಾಡುವ ರೀತಿಯನ್ನು ಮಾತ್ರ ತೆಗೆದುಕೊಳ್ಳಿ: ಸಣ್ಣ ಹಾಳೆ, ರಬ್ಬರ್ ಇಲ್ಲ, ಕೂತಲ್ಲೇ ಮುಗಿಸುವುದು, ಕೂಡಲೇ ಮುಂದಿನ ಹಾಳೆ.

22×30 ಇಂಚಿನ, 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ) ಜಲವರ್ಣ ಕಾಗದವನ್ನು 16 ತುಂಡು ಮಾಡಿ. ಒಂದೊಂದು 5.5×7.5 ಇಂಚು ಬರುತ್ತದೆ. ದುಬಾರಿ ಹಾಳೆ ಇಡಿಯಾಗಿ ಎದುರಿಗಿದ್ದರೆ ಕೈ ಹೆದರುತ್ತದೆ, ತುಂಡಾದರೆ ಹೆದರಿಕೆ ಇಳಿಯುತ್ತದೆ. ಮಾಮೂಲಿ ಡ್ರಾಯಿಂಗ್ ಶೀಟ್ ಬೇಡ. ನೀರು ಬಿದ್ದೊಡನೆ ಉಬ್ಬಿ, ತಗ್ಗಿನಲ್ಲಿ ಬಣ್ಣ ನಿಂತು ಕಲೆಯಾಗುತ್ತದೆ. ನಾಲ್ಕೂ ಅಂಚಿಗೆ ಮಾಸ್ಕಿಂಗ್ ಟೇಪ್ ಹಾಕಿ ಬೋರ್ಡಿಗೆ ಅಂಟಿಸಿ, ಹಿಂಬದಿಗೆ ಎರಡು ಬೆರಳಿನಷ್ಟು ಎತ್ತರ ಕೊಡಿ. 8 ಮತ್ತು 12ನೇ ನಂಬರಿನ ದುಂಡು ಬ್ರಷ್ ಸಾಕು. ಬಣ್ಣ ನಾಲ್ಕೇ ಇರಲಿ: ಲೆಮನ್ ಯೆಲ್ಲೋ, ಕ್ರಿಮ್ಸನ್ (ಕಡುಗೆಂಪು), ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನಾ (ಕೆಂಪುಗಂದು). ನೀರಿಗೆ ಎರಡು ಡಬ್ಬಿ, ಒಂದು ಬ್ರಷ್ ತೊಳೆಯಲು, ಇನ್ನೊಂದು ಬಣ್ಣ ಕಲೆಸಲು. ಒಂದೇ ಡಬ್ಬಿ ಇಟ್ಟುಕೊಂಡವರ ಹಳದಿ ಎಂದೂ ಶುದ್ಧವಾಗಿರುವುದಿಲ್ಲ.

ರಾಡಿಗೆ ಸಾಮಾನ್ಯವಾಗಿ ಎರಡು ಕಾರಣ. ಹಳದಿ, ಕೆಂಪು, ನೀಲಿ ಮೂರೂ ಒಂದೇ ಕಡೆ ಸೇರಿದರೆ ಕಂದು ಬೂದಿಯೇ ಬರುವುದು. ಒಂದು ಮಿಶ್ರಣಕ್ಕೆ ಎರಡೇ ಬಣ್ಣ ಇಟ್ಟುಕೊಳ್ಳಿ. ಬೂದಿಯೇ ಬೇಕಾದಾಗ ಅಲ್ಟ್ರಾಮರೀನಿಗೆ ಬರ್ನ್ಟ್ ಸಿಯೆನಾ ಸೇರಿಸಿ, ಮಳೆಮೋಡಕ್ಕೆ ಅದಕ್ಕಿಂತ ಒಳ್ಳೆಯದು ಕಷ್ಟ. ಎರಡನೆಯದು ಅವಸರ, ನಿಮ್ಮದು ಬಹುಶಃ ಇದೇ. ಅರ್ಧ ಒಣಗಿದ ವಾಷ್ (ನೀರಾಗಿ ಬಳಿದ ಬಣ್ಣದ ಪದರ) ಮೇಲೆ ನೀರುತುಂಬಿದ ಬ್ರಷ್ ಇಟ್ಟರೆ ಆ ನೀರು ಬಣ್ಣವನ್ನು ಅಂಚಿಗೆ ತಳ್ಳಿ ಹೂಕೋಸಿನಂಥ ಕಲೆ ಮಾಡುತ್ತದೆ. ಅದನ್ನು ಅಳಿಸಹೋಗಿ ಉಜ್ಜಿದಿರೋ, ಕಾಗದದ ಮೈಯೇ ಕಿತ್ತುಬರುತ್ತದೆ. ಒದ್ದೆ ಮಿರುಗು ಪೂರ್ತಿ ಹೋಗಬೇಕು. ಬೆರಳ ಹಿಂಬದಿ ತಾಗಿಸಿದರೆ ತಣ್ಣಗಿರಬಾರದು. ಆಮೇಲೆ ಎರಡನೇ ಪದರ. ಮಳೆಗಾಲದಲ್ಲಿ ಇದು ಬಹಳ ತಡ, ಆದ್ದರಿಂದ ಎರಡು ತುಂಡುಗಳಲ್ಲಿ ಒಟ್ಟೊಟ್ಟಿಗೆ ಕೆಲಸ ಮಾಡಿ. ತಿಳಿಯಿಂದ ಗಾಢಕ್ಕೆ ಹೋಗಿ, ಬೆಳಕಿಗೆ ಬಿಳಿ ಕಾಗದವನ್ನೇ ಬಿಡಿ, ಮೂರನೇ ಪದರಕ್ಕೆ ನಿಲ್ಲಿಸಿ.

ದಿನಕ್ಕೆ ಅರ್ಧ ಗಂಟೆ, ಒಂದೇ ವಸ್ತು. ಲೋಟವಾದರೆ ವಾರವಿಡೀ ಅದೇ ಲೋಟ. ಕೆಟ್ಟದ್ದನ್ನೂ ಹರಿಯದೆ ಹಿಂಬದಿಗೆ ತಾರೀಖು ಬರೆದಿಡಿ. ಹದಿನಾರೂ ಆದಮೇಲೆ ನೆಲದ ಮೇಲೆ ಸಾಲಾಗಿ ಹರವಿ ನೋಡಿ. ಒಂದು ಹಾಳೆ ನೋಡಿದರೆ ಸೋಲು ಕಾಣುತ್ತದೆ, ಸಾಲು ನೋಡಿದರೆ ಕೈ ಎತ್ತ ಸಾಗುತ್ತಿದೆಯೆಂದು ತಿಳಿಯುತ್ತದೆ.

ಮಗಳ ಪಕ್ಕದಲ್ಲೇ ಕೂರಿ, ಆದರೆ ‘ಚೆನ್ನಾಗಿದೆಯಾ ಪುಟ್ಟಿ?’ ಎಂದು ಕೇಳಬೇಡಿ. ಅವಳು ಹೌದೆಂದೇ ಅಂತಾಳೆ, ಅದರಿಂದ ನಿಮಗೆ ಏನೂ ತಿಳಿಯದು. ‘ಇಲ್ಲಿ ಏನೇನು ಕಾಣ್ತಿದೆ?’ ಎಂದು ಕೇಳಿ. ಲೋಟ ಬಿಟ್ಟು ಹಿಂದಿನ ನೆರಳನ್ನೇ ಹೇಳಿದರೆ ನೆರಳು ಅತಿಯಾಗಿದೆ ಎಂದರ್ಥ. ಚಿತ್ರ ಕೆಟ್ಟಾಗ ಅವಳೆದುರು ‘ನನ್ನಿಂದಾಗಲ್ಲ’ ಎನ್ನದಿರುವುದೂ ಮುಖ್ಯ. ಆ ಮಾತನ್ನು ಮಕ್ಕಳು ಬೇಗ ಕಲಿಯುತ್ತಾರೆ.

ಅವಳ ಚಿತ್ರಗಳಿಗೂ ತಾರೀಖು ಹಾಕಿಡಿ. ಸ್ವಿಟ್ಜರ್‌ಲೆಂಡಿನಲ್ಲಿ ಹುಟ್ಟಿದ ಚಿತ್ರಕಲಾವಿದ ಪಾಲ್ ಕ್ಲೇ ತಮ್ಮ ಕೃತಿಗಳ ಪಟ್ಟಿ ಮಾಡತೊಡಗಿದ್ದು 1911ರಲ್ಲಿ. ಬಾಲ್ಯದಲ್ಲಿ ಬಿಡಿಸಿದ ಚಿತ್ರಗಳಲ್ಲಿ ಕೆಲವನ್ನು ಅವರು ಅದೇ ಪಟ್ಟಿಯಲ್ಲಿ ಸೇರಿಸಿದರು.

ಪ್ರಶ್ನೆ: ಹತ್ತು ವರ್ಷದ ಮಗ ಚಿತ್ರ ಬಿಡಿಸುವುದನ್ನೇ ನಿಲ್ಲಿಸಿ ‘ನಂಗೆ ಬರಲ್ಲ’ ಅನ್ನುತ್ತಾನೆ. ಮೊದಲು ಎಷ್ಟು ಧೈರ್ಯವಿತ್ತು!
– ಓದುಗರು, ಮೈಸೂರು

ಉತ್ತರ: ಮಕ್ಕಳ ಚಿತ್ರಗಳ ಬೆಳವಣಿಗೆಯನ್ನು ಹಂತಗಳಾಗಿ ವಿಂಗಡಿಸಿದ ವಿಕ್ಟರ್ ಲೋವೆನ್‌ಫೆಲ್ಡ್ ಒಂಬತ್ತರಿಂದ ಹನ್ನೆರಡನ್ನು ನೈಜತೆ ಮೂಡುವ ವಯಸ್ಸೆಂದರು. ಕಣ್ಣು ಮುಂದೆ ಓಡಿದೆ, ಕೈ ಹಿಂದುಳಿದಿದೆ. ಅವನ ದೂರು ನ್ಯಾಯವಾದದ್ದೇ. ಇಲ್ಲಿ ಬರೀ ಹೊಗಳಿಕೆ ನಾಟುವುದಿಲ್ಲ, ಕೈಗೆ ಉಪಾಯ ಬೇಕು. ರಟ್ಟಿನಲ್ಲಿ 2×3 ಇಂಚಿನ ಕಿಟಕಿ ಕತ್ತರಿಸಿಕೊಡಿ, ಅದರಲ್ಲಿ ಕಂಡಷ್ಟನ್ನೇ ಬಿಡಿಸಲಿ. ಕುರ್ಚಿ ಬಿಡಿಸಲು ಹೇಳುವ ಬದಲು ಕುರ್ಚಿ ಕಾಲುಗಳ ನಡುವಿನ ಖಾಲಿ ಜಾಗದ ಆಕಾರ ಬಿಡಿಸಲು ಹೇಳಿ. ಗೊತ್ತಿರುವ ಕುರ್ಚಿ ಆಗ ಅಡ್ಡ ಬರುವುದಿಲ್ಲ. ಅವನ ಹಾಳೆಯ ಮೇಲೆ ನಿಮ್ಮ ಗೆರೆ ಬೀಳದಿರಲಿ. ತೋರಿಸಲೇಬೇಕಾದರೆ ಬೇರೆ ಹಾಳೆಯಲ್ಲಿ ತೋರಿಸಿ.

ಪ್ರಶ್ನೆ: ನನ್ನ ಬಣ್ಣಗಳನ್ನೇ ಮಗುವಿಗೂ ಕೊಡಬಹುದೇ?
– ಓದುಗರು, ಶಿರಸಿ

ಉತ್ತರ: ಬೇಡ. ಕ್ಯಾಡ್ಮಿಯಂ, ಕೋಬಾಲ್ಟ್ ಇರುವ ಬಣ್ಣ ಮಗುವಿನ ಬಾಯಿಗೆ ಹೋಗಬಾರದು, ಚಿಕ್ಕವರು ಬ್ರಷ್ ತುದಿಯನ್ನು ಬಾಯಿಗೆ ಇಟ್ಟೇ ಇಡುತ್ತಾರೆ. ವಿಷವಿಲ್ಲವೆಂದು ಡಬ್ಬಿಯ ಮೇಲೆ ಬರೆದಿರುವ ಮಕ್ಕಳ ಬಣ್ಣ, ಬೇರೆ ಬ್ರಷ್, ಬೇರೆ ನೀರು ಕೊಡಿ. ಬಣ್ಣ ಕಲೆಸಿದ ನೀರನ್ನು ಕುಡಿಯುವ ಲೋಟದಲ್ಲಿ ಇಡಲೇಬೇಡಿ.