ರಸ್ತೆಯ ನಿಗಾಕ್ಕೆ ಕಟ್ಟಡ ಮಾಲೀಕರೇ ಹಣ ಹಾಕಬಹುದೇ?

ಪ್ರಶ್ನೆ: ತುಮಕೂರಿನ ಎಸ್.ಎಸ್. ಪುರಂನಲ್ಲಿ ನಮ್ಮದೊಂದು ಕಟ್ಟಡವಿದೆ. ಕೆಳಗೆ ಅಂಗಡಿಗಳು, ಮೇಲೆ ನಮ್ಮ ಮನೆ. ಬೆಳಿಗ್ಗೆ ಗುಡಿಸಿದ ರಸ್ತೆ ಸಂಜೆಗೆ ಮತ್ತೆ ಕಸದ ರಾಶಿ. ಫುಟ್‌ಪಾತ್ ತುಂಬ ಬೈಕುಗಳು. ಹೊರದೇಶಗಳಲ್ಲಿ ಒಂದು ಬಡಾವಣೆಯ ಆಸ್ತಿ ಮಾಲೀಕರು ಹೆಚ್ಚುವರಿ ಹಣ ಕಟ್ಟಿ ತಮ್ಮ ರಸ್ತೆಯನ್ನು ತಾವೇ ನೋಡಿಕೊಳ್ಳುತ್ತಾರೆ ಎಂದು ಮಗಳು ಹೇಳಿದಳು. ನಮ್ಮಲ್ಲಿ ಹದಿನೈದಿಪ್ಪತ್ತು ಮಾಲೀಕರು ಇದಕ್ಕೆ ಒಪ್ಪಿದ್ದಾರೆ. ಉಳಿದವರಿಂದ ಕಡ್ಡಾಯವಾಗಿ ವಸೂಲಿ ಮಾಡಿಕೊಡಿ ಎಂದು ಪಾಲಿಕೆಯನ್ನು ಕೇಳಬಹುದೇ? ಎಲ್ಲಿಂದ ಶುರು ಮಾಡಬೇಕು?

ಉತ್ತರ: ಕೇಳಬಹುದು, ಆದರೆ ಪಾಲಿಕೆ ಅದನ್ನು ಮಾಡುವಂತಿಲ್ಲ. ಕಾನೂನಿನ ಆಧಾರವಿಲ್ಲದೆ ಯಾವ ತೆರಿಗೆಯನ್ನೂ ಹಾಕಬಾರದು, ವಸೂಲಿ ಮಾಡಬಾರದು ಎನ್ನುತ್ತದೆ ಸಂವಿಧಾನದ 265ನೇ ವಿಧಿ. ತುಮಕೂರು ಮಹಾನಗರ ಪಾಲಿಕೆ ನಡೆಯುವುದು ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್‌ಗಳ 1976ರ ಕಾಯ್ದೆಯ ಪ್ರಕಾರ. ಒಂದು ರಸ್ತೆಯ ಮಾಲೀಕರ ಬಹುಮತ ನೋಡಿ, ಅಲ್ಲಿಗೆ ಮಾತ್ರ ಹೆಚ್ಚುವರಿ ಕರ ಹಾಕಿ, ಆ ಹಣವನ್ನು ಮಾಲೀಕರ ಸಂಘಕ್ಕೇ ಒಪ್ಪಿಸುವ ಏರ್ಪಾಡು ಅದರಲ್ಲಿಲ್ಲ. ಪಾಲಿಕೆಯ ಸಭೆಯಲ್ಲಿ ನಿರ್ಣಯ ಮಾಡಿದರೂ ಅಂಥ ಕರ ನಿಲ್ಲುವುದಿಲ್ಲ. ಅದನ್ನು ಶಾಸನಸಭೆಯೇ ತರಬೇಕು.

ನಿಮ್ಮ ಮಗಳು ಹೇಳಿದ್ದು ನಿಜ. ಟೊರೊಂಟೊ ನಗರದ ಬ್ಲೂರ್ ವೆಸ್ಟ್ ವಿಲೇಜ್ ಎಂಬ ಅಂಗಡಿ ಬೀದಿಯಲ್ಲಿ 1970ರಲ್ಲಿ ಇದು ಮೊದಲಾಯಿತು. ಮಾಲ್‌ಗಳು ಗಿರಾಕಿಗಳನ್ನು ಸೆಳೆದುಕೊಳ್ಳುತ್ತಿದ್ದ ಕಾಲ ಅದು. ಅಲ್ಲಿನ ವ್ಯಾಪಾರಿಗಳೂ ಮೊದಲು ಸ್ವಂತ ಇಚ್ಛೆಯಿಂದ ಚಂದಾ ಹಾಕಿ ನೋಡಿದರು. ಕೆಲವರೇ ಕೊಟ್ಟರು, ಲಾಭ ಎಲ್ಲರಿಗೂ ಹೋಯಿತು. ಕಡೆಗೆ ಎಲ್ಲರಿಂದಲೂ ವಸೂಲಿ ಮಾಡಲು ಕಾನೂನು ತರಿಸಿಕೊಂಡರು. ಕ್ಯಾಲಿಫೋರ್ನಿಯಾದಲ್ಲಿ 1994ರಲ್ಲಿ ಇದಕ್ಕೆಂದೇ ಕಾಯ್ದೆ ಬಂತು. ಒಟ್ಟು ವಂತಿಗೆಯಲ್ಲಿ ಅರ್ಧಕ್ಕಿಂತ ಹೆಚ್ಚು ಕಟ್ಟಬೇಕಾದ ಮಾಲೀಕರು ಸಹಿ ಹಾಕಿದ ಮೇಲಷ್ಟೇ ಅಲ್ಲಿ ಪ್ರಸ್ತಾವ ಮುಂದೆ ಹೋಗುತ್ತದೆ. ಇಂಗ್ಲೆಂಡಿನಲ್ಲಿ ಎರಡು ಎಣಿಕೆ: ಮತ ಹಾಕಿದ ವ್ಯಾಪಾರಸ್ಥರ ಸಂಖ್ಯೆಯಲ್ಲೂ ಬಹುಮತ ಬರಬೇಕು, ಅವರು ವ್ಯಾಪಾರ ನಡೆಸುವ ಆಸ್ತಿಗಳ ತೆರಿಗೆ ಮೌಲ್ಯದಲ್ಲೂ ಬರಬೇಕು. ಅವಧಿ ಹೆಚ್ಚೆಂದರೆ ಐದು ವರ್ಷ, ಮುಂದುವರಿಸಬೇಕೆಂದರೆ ಮತ್ತೆ ಮತದಾನ. ಈ ಎರಡು ಎಣಿಕೆಯ ಪದ್ಧತಿ ನಮಗೂ ಒಗ್ಗುತ್ತದೆ ಎಂದು ನನ್ನ ನಂಬಿಕೆ. ಇಲ್ಲದಿದ್ದರೆ ದೊಡ್ಡ ಕಾಂಪ್ಲೆಕ್ಸ್ ಇರುವ ಇಬ್ಬರು ಮೂವರು ಹೇಳಿದ್ದೇ ನಡೆಯುತ್ತದೆ.

ಕಾನೂನು ಬರುವತನಕ ನಿಮಗಿರುವ ದಾರಿ ಸ್ವಂತ ಒಪ್ಪಂದ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಮಾಡಿ, ಪಾಲಿಕೆಯೊಂದಿಗೆ ಲಿಖಿತ ಒಡಂಬಡಿಕೆ ಮಾಡಿಕೊಳ್ಳಿ. ಆದರೆ ಅದಕ್ಕೂ ಮೊದಲು ಆಗಬೇಕಾದ ಕೆಲಸ ಒಂದಿದೆ. ಹೆಚ್ಚಿನವರು ಎಡವುವುದು ಇಲ್ಲೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಿಮ್ಮ ರಸ್ತೆಗೆ ಪಾಲಿಕೆ ಈಗ ಏನೇನು ಮಾಡುತ್ತಿದೆ ಎಂಬುದನ್ನು ಕಾಗದದ ಮೇಲೆ ತರಿಸಿಕೊಳ್ಳಿ. ಎಷ್ಟು ಪೌರಕಾರ್ಮಿಕರು, ದಿನಕ್ಕೆ ಎಷ್ಟು ಸಲ ಗುಡಿಸಬೇಕು, ಕಸದ ಆಟೋ ಎಷ್ಟು ಗಂಟೆಗೆ ಬರಬೇಕು, ಬೀದಿದೀಪದ ಗುತ್ತಿಗೆ ಯಾರದು, ಕೆಟ್ಟ ದೀಪವನ್ನು ಎಷ್ಟು ದಿನದೊಳಗೆ ಸರಿಪಡಿಸಬೇಕು, ಚರಂಡಿಯ ಹೂಳು ಎತ್ತುವುದು ಯಾವಾಗ. ಬಾಯಿಮಾತಿನಲ್ಲಿ ಕೇಳಿದರೆ ಸಿಗದಿರಬಹುದು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಬೇಕು. ಬಂದ ಪಟ್ಟಿಯನ್ನು ಒಡಂಬಡಿಕೆಗೆ ಅನುಬಂಧವಾಗಿ ಸೇರಿಸಿ, ‘ಸಂಘದ ಕೆಲಸ ಇದರ ಮೇಲಿನದು, ಇದಕ್ಕೆ ಬದಲಿ ಅಲ್ಲ’ ಎಂದು ಸ್ಪಷ್ಟವಾಗಿ ಬರೆಸಿ. ಇದನ್ನು ಮಾಡದೆ ಹಣ ಎತ್ತಿದರೆ ಆಗುವುದೇನು? ನೀವು ಇಬ್ಬರು ಗುಡಿಸುವವರನ್ನು ಇಟ್ಟ ತಿಂಗಳಲ್ಲೇ ಪಾಲಿಕೆಯ ಇಬ್ಬರು ಬೇರೆ ರಸ್ತೆಗೆ ಹೋಗುತ್ತಾರೆ. ಕಂದಾಯವೂ ನಿಮ್ಮದೇ, ಸಂಬಳವೂ ನಿಮ್ಮದೇ, ರಸ್ತೆ ಮಾತ್ರ ಮೊದಲಿನಂತೆಯೇ ಇರುತ್ತದೆ. ಆಸ್ತಿ ತೆರಿಗೆಯ ಚಲನ್‌ನಲ್ಲಿ ಆರೋಗ್ಯ ಕರ, ಗ್ರಂಥಾಲಯ ಕರ ಎಲ್ಲವನ್ನೂ ಕಟ್ಟುವ ಮಾಲೀಕರು ‘ಇನ್ನೂ ಯಾಕೆ ಕೊಡಬೇಕು’ ಎಂದು ಕೇಳುವುದು ನ್ಯಾಯವೇ. ಅವರ ಮುಂದಿಡಲು ಈ ಪಟ್ಟಿ ನಿಮ್ಮ ಕೈಯಲ್ಲಿರಬೇಕು.

ಸ್ಮಾರ್ಟ್ ಸಿಟಿ ಯೋಜನೆಗೆ ತುಮಕೂರು ಆಯ್ಕೆಯಾದದ್ದು 2016ರಲ್ಲಿ. ಅಂಥ ಯೋಜನೆ ಒಮ್ಮೆ ಕಟ್ಟಿಕೊಟ್ಟು ಹೋಗುತ್ತದೆ. ಕಟ್ಟಿದ್ದನ್ನು ದಿನವೂ ನೋಡಿಕೊಳ್ಳುವ ಸಣ್ಣ ಕೆಲಸಕ್ಕೆ ನಿಮ್ಮ ಸಂಘ ಬೇಕು. ಸಂಜೆಯ ಎರಡನೇ ಸುತ್ತಿನ ಗುಡಿಸುವಿಕೆ, ಪಾರ್ಕಿಂಗ್ ನೋಡಿಕೊಳ್ಳುವವರು, ಕಿತ್ತ ಕಲ್ಲುಚಪ್ಪಡಿ ಕೂರಿಸುವುದು, ಗಿಡಗಳಿಗೆ ನೀರು, ಇಷ್ಟಕ್ಕೆ ನಿಲ್ಲಿಸಿ. ಒಳಚರಂಡಿ, ಡಾಂಬರು ನಿಮ್ಮ ತಲೆಗೆ ಬೇಡವೇ ಬೇಡ.

ಹಣ ಹಂಚುವ ಲೆಕ್ಕಕ್ಕೆ ಒಂದು ಉದಾಹರಣೆ. ರಸ್ತೆಯಲ್ಲಿ 120 ಕಟ್ಟಡ, ಎಲ್ಲರ ಮುಂಭಾಗ ಸೇರಿ 3,600 ಅಡಿ ಎಂದುಕೊಳ್ಳಿ. ತಿಂಗಳ ಖರ್ಚು 90,000 ರೂಪಾಯಿ, ವರ್ಷಕ್ಕೆ 10.80 ಲಕ್ಷ. ಅಡಿಗೆ ವರ್ಷಕ್ಕೆ 300 ರೂಪಾಯಿ. 30 ಅಡಿ ಮುಂಭಾಗದವರಿಗೆ 9,000, ಅಂದರೆ ತಿಂಗಳಿಗೆ 750. ಕಟ್ಟಡದ ಚದರಡಿ ಹಿಡಿಯುವುದಕ್ಕಿಂತ ಮುಂಭಾಗದ ಅಡಿ ಹಿಡಿಯುವುದೇ ವಾಸಿ; ಟೇಪು ಹಿಡಿದು ಎಲ್ಲರೆದುರೇ ಅಳೆಯಬಹುದು, ಜಗಳ ಕಡಿಮೆ. ಮೂಲೆ ಸೈಟಿನವರಿಗೆ ಅಡ್ಡರಸ್ತೆಯ ಬದಿಯನ್ನು ಅರ್ಧ ಹಿಡಿಯಿರಿ. ಖಾಲಿ ಸೈಟಿನವರೂ ಕೊಡಬೇಕು, ಕಸ ಸುರಿಯುವುದು ಅಲ್ಲೇ.

ಸಹಿ ಮಾಡಿಸುವಾಗ ಸಿಕ್ಕು ಬರುವುದು ಖಾತೆಯಲ್ಲಿ. ಖಾತೆ ತೀರಿಕೊಂಡ ತಂದೆಯ ಹೆಸರಲ್ಲೇ ಇರುತ್ತದೆ, ಅಣ್ಣತಮ್ಮಂದಿರಲ್ಲಿ ಪಾಲಾಗಿರುವುದಿಲ್ಲ. ಕಂದಾಯ ಕಟ್ಟುವವರ ಸಹಿಯ ಜೊತೆಗೆ ಉಳಿದ ಪಾಲುದಾರರ ಒಪ್ಪಿಗೆಯನ್ನೂ ಬರೆಸಿಕೊಳ್ಳಿ. ಒಪ್ಪಂದ ಸಹಿ ಹಾಕಿದವರನ್ನು ಮಾತ್ರ ಕಟ್ಟಿಹಾಕುತ್ತದೆ. ನಾಳೆ ಕಟ್ಟಡ ಮಾರಿದರೆ ಕೊಂಡವರ ಹತ್ತಿರ ಹೊಸದಾಗಿ ಮಾತಾಡಬೇಕು. ಕೊಡದವರ ವಿಷಯದಲ್ಲಿ ನನ್ನ ಸಲಹೆ ಇಷ್ಟು: ‘ಮಾಲೀಕರಲ್ಲಿ ಶೇ 60, ಒಟ್ಟು ಅಡಿಯಲ್ಲೂ ಶೇ 60 ಒಪ್ಪಿಗೆ ಬಂದರೆ ಮಾತ್ರ ಹಣ ಕೊಡುತ್ತೇನೆ’ ಎಂದು ಎಲ್ಲರೂ ಷರತ್ತಿನ ಮೇಲೆ ಸಹಿ ಹಾಕಲಿ. ಮೊದಲು ಕೊಟ್ಟವನೇ ಪೆದ್ದ ಎಂಬ ಅಳುಕು ಆಗ ಇರುವುದಿಲ್ಲ. ಅವಧಿ ಮೂರು ವರ್ಷ ಸಾಕು.

ಕಾವಲಿಗೆ ಜನ ಇಡುವುದಾದರೆ ಖಾಸಗಿ ಭದ್ರತಾ ಏಜೆನ್ಸಿಗಳ 2005ರ ಕಾಯ್ದೆಯ ಪರವಾನಗಿ ಇರುವ ಏಜೆನ್ಸಿಯನ್ನೇ ಹಿಡಿಯಿರಿ. ಅವರು ದಂಡ ಹಾಕುವಂತಿಲ್ಲ, ಗಾಡಿ ಎತ್ತಿಸುವಂತಿಲ್ಲ. ಪಾಲಿಕೆಯ ಅನುಮತಿ ಇಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ಪಾರ್ಕಿಂಗ್ ಹಣ ಕೀಳುವಂತೆಯೂ ಇಲ್ಲ.

ಇನ್ನೊಂದು ಮಾತು ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ತಳ್ಳುಗಾಡಿಯವರನ್ನು, ಹೂವು ಸೊಪ್ಪು ಮಾರುವವರನ್ನು ಎತ್ತಂಗಡಿ ಮಾಡಿಸುವುದೇ ಕೆಲವರ ಉದ್ದೇಶವಾಗಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ. ಬೀದಿ ವ್ಯಾಪಾರಿಗಳ 2014ರ ಕಾಯ್ದೆ ಅವರ ಬದುಕಿಗೆ ರಕ್ಷಣೆ ಕೊಟ್ಟಿದೆ. ಅವರಿಗೆ ಜಾಗ ಗುರುತಿಸುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಂತೆ ಅವರ ಪ್ರತಿನಿಧಿಗಳೇ ಇರಬೇಕು. ಎಷ್ಟೇ ಹಣ ಹಾಕಿದರೂ ರಸ್ತೆ ನಿಮ್ಮ ಸಂಘದ ಆಸ್ತಿ ಆಗುವುದಿಲ್ಲ. ಅವರಲ್ಲಿ ಇಬ್ಬರನ್ನು ಮೊದಲ ಸಭೆಗೇ ಕರೆದು ಕೂರಿಸಿಕೊಳ್ಳಿ. ಸಂಜೆಯ ಕಸ ಎಲ್ಲಿ ಏಳುತ್ತದೆ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರುವುದಿಲ್ಲ.

ಪ್ರಶ್ನೆ: ನಾನು ತುಮಕೂರಿನ ಮಂಡಿಪೇಟೆಯಲ್ಲಿ ಅಂಗಡಿ ಬಾಡಿಗೆಗೆ ಹಿಡಿದಿದ್ದೇನೆ. ನಮ್ಮಲ್ಲೂ ಮಾಲೀಕರು ಇಂಥದ್ದೇ ಮಾತಾಡುತ್ತಿದ್ದಾರೆ. ಕಡೆಗೆ ಎಲ್ಲ ಬಾಡಿಗೆಗೆ ಸೇರಿ ನಮ್ಮ ತಲೆ ಮೇಲೆ ಬರುವುದಿಲ್ಲವೇ?

ಉತ್ತರ: ಬರುವ ಸಾಧ್ಯತೆ ಇದ್ದೇ ಇದೆ. ಕರಾರು ಪತ್ರ ತೆಗೆದು ನೋಡಿ. ನಿರ್ವಹಣಾ ವೆಚ್ಚ ಬಾಡಿಗೆದಾರರದ್ದು ಎಂದು ಅದರಲ್ಲಿ ಇಲ್ಲದಿದ್ದರೆ, ಅವಧಿ ಮುಗಿಯುವ ಮೊದಲು ನಿಮ್ಮ ಒಪ್ಪಿಗೆಯಿಲ್ಲದೆ ಸೇರಿಸುವಂತಿಲ್ಲ. ಕರಾರು ಹೊಸದು ಮಾಡುವಾಗ ಮಾತ್ರ ಕೇಳಿಯೇ ಕೇಳುತ್ತಾರೆ. ಹಾಗಾಗಿ ಸಂಘದ ಬೈಲಾ ಬರೆಯುವ ಹೊತ್ತಿಗೇ ಕಾರ್ಯಕಾರಿ ಸಮಿತಿಯಲ್ಲಿ ಬಾಡಿಗೆದಾರರಿಗೆ ಮೂರನೇ ಒಂದು ಪಾಲು ಸ್ಥಾನ ಕೇಳಿ, ತಿಂಗಳ ಖರ್ಚಿನ ಪಟ್ಟಿಯನ್ನು ರಸ್ತೆಯಲ್ಲೇ ಬೋರ್ಡಿಗೆ ಹಚ್ಚಬೇಕೆಂದೂ ಕೇಳಿ. ಲೋಡು ಇಳಿಸುವ ಲಾರಿಗಳ ಹೊತ್ತು ನಿಗದಿ ಮಾಡುವಾಗ ನಿಮ್ಮ ಮಾತು ನಡೆಯದಿದ್ದರೆ ನಷ್ಟ ನಿಮಗೇ ಹೊರತು ಮಾಲೀಕರಿಗಲ್ಲ.