ಕನ್ನಡಕ ಹಾಕಿಕೊಂಡಾಗ ಹೆಡ್‌ಫೋನಿನ ಬೇಸ್ ಏಕೆ ಕಮ್ಮಿ ಕೇಳಿಸುತ್ತದೆ?

ಕನ್ನಡಕದ ಕಡ್ಡಿ ಕುಶನ್ನನ್ನು ತಲೆಯಿಂದ ಸ್ವಲ್ಪ ಎತ್ತಿ ಹಿಡಿಯುತ್ತದೆ. ಆ ಸಂದಿಯಲ್ಲಿ ಗಾಳಿ ಸೋರಿ ಬೇಸ್ ಕುಗ್ಗುತ್ತದೆ. 50 ಹರ್ಟ್ಸ್‌ನಂಥ ತಗ್ಗಿನ ಸದ್ದು ಕೇಳಬೇಕಾದರೆ ಕಿವಿಯ ಸುತ್ತ ಮುಚ್ಚಿಕೊಂಡ ಗಾಳಿಯನ್ನು ಡ್ರೈವರ್, ಅಂದರೆ ಒಳಗಿನ ಪುಟ್ಟ ಸ್ಪೀಕರ್, ಅದುಮಬೇಕು. ಸಂದಿಯಿದ್ದರೆ ಒತ್ತಡ ಕಟ್ಟುವ ಮೊದಲೇ ಗಾಳಿ ಹೊರಗೆ ಜಾರುತ್ತದೆ. ವೇಗವಾಗಿ ಕಂಪಿಸುವ ಮೇಲಿನ ಸ್ವರಗಳಲ್ಲಿ ಹಾಗೆ ಜಾರಲು ಸಮಯವೇ ಇರುವುದಿಲ್ಲ.

ಹಾಡು ನಡೆಯುತ್ತಿರುವಾಗ ಎರಡೂ ಕಪ್ ಮೆಲ್ಲಗೆ ಒತ್ತಿ ನೋಡಿ. ಬೇಸ್ ತುಂಬಿ ಬಂದರೆ ಸೋರಿಕೆಯೇ ಕಾರಣ. ತೆಳು ಕಡ್ಡಿಯ ಕನ್ನಡಕ, ಮೆತ್ತನೆಯ ಮೆಮೊರಿ ಫೋಮ್ ಕುಶನ್ ಸಾಕಷ್ಟು ಸರಿಪಡಿಸುತ್ತವೆ. ಚಪ್ಪಟೆಯಾದ ಹಳೇ ಕುಶನ್ ಬದಲಿಸಿ. ಕಿವಿ ಕಪ್‌ನ ಒಳಭಾಗಕ್ಕೆ ತಾಗಿ ನೋಯುವುದೂ ಅಂಥ ಕುಶನ್ನಿನಿಂದಲೇ. ಬಟ್ಟೆಯ ಕುಶನ್ ಸೆಕೆಗೆ ಹಿತ, ಆದರೆ ಅದರಲ್ಲೂ ಗಾಳಿ ನುಸುಳುತ್ತದೆ. ಬೇಸ್ ಏರಿಸಲು ಈಕ್ವಲೈಸರ್, ಅಂದರೆ ತಗ್ಗು-ಮೇಲಿನ ಸ್ವರಗಳ ಮಟ್ಟ ಹೊಂದಿಸುವ ಸೆಟ್ಟಿಂಗ್, ನೆಚ್ಚಬೇಡಿ: ಪ್ರತಿ ಸಲ ಧರಿಸಿದಾಗಲೂ ಸೋರಿಕೆ ಬೇರೆಯಾಗುತ್ತದೆ.