ಮೇಲಿನ ಮೆಟ್ಟಿಲಿಗೆ ಸ್ಕ್ರೂ ಹಾಕುವ ಗೇಟೇ ಬೇಕು

ಮಡಿಕೇರಿಯ ಹಳೇ ಮನೆ, ಮರದ ಮೆಟ್ಟಿಲು, ಅಂಬೆಗಾಲಿಡುವ ಮಗು. ಮಗು ಮೆಟ್ಟಿಲಿಂದ ಉರುಳದ ಹಾಗೆ ಅಡ್ಡ ಇಡಲು, ಗೋಡೆಗೆ ತೂತು ಹಾಕದೆ ಒತ್ತಿ ನಿಲ್ಲಿಸುವ ಗೇಟ್ ಸಾಕಾ ಅಂತ ಕೇಳಿದ್ದೀರಿ. ಮೆಟ್ಟಿಲಿನ ಕೆಳಗಡೆ ಸಾಕು. ಮೇಲ್ಗಡೆ ಖಂಡಿತ ಬೇಡ. ಮಗು ಜೋರಾಗಿ ತಳ್ಳಿದರೆ ಗೇಟ್ ಜಾರಿ, ಅದರ ಸಮೇತ ಮಗು ಉರುಳಬಹುದು. ತಳದಲ್ಲಿ ಅಡ್ಡಪಟ್ಟಿ ಬೇರೆ ಇರುತ್ತದೆ. ರಾತ್ರಿ ಕರೆಂಟ್ ಹೋದಾಗ ಮಗುವನ್ನು ಎತ್ತಿಕೊಂಡು ಬರುವ ದೊಡ್ಡವರೇ ಅದಕ್ಕೆ ಎಡವುತ್ತಾರೆ. ಮೇಲೆ ಸ್ಕ್ರೂ ಹಾಕುವ ಗೇಟೇ ತಗೊಳ್ಳಿ. ಅದು ಮೆಟ್ಟಿಲ ಕಡೆಗೆ ತೆರೆಯಬಾರದು, ಒಳಗಡೆಗೆ ತೆರೆಯಬೇಕು.

ನಿಮ್ಮ ಮನೆಯಲ್ಲಿ ಜಾಸ್ತಿ ಯೋಚಿಸಬೇಕಾದ್ದು ಗೋಡೆ. ಹಳೇ ಮಣ್ಣಿನ ಗೋಡೆಯಾದರೆ ಸ್ಕ್ರೂ ಹಿಡಿಯುವುದಿಲ್ಲ, ತೂತಿನ ಸುತ್ತ ಗಾರೆ ಪುಡಿಪುಡಿಯಾಗಿ ಉದುರುತ್ತದೆ. ಸುಮ್ನೆ ನಾವೇ ಹೊಡೆಯುವ ಬದಲು ಬಡಗಿಯನ್ನು ಕರೆಸಿ. ಉದ್ದನೆಯ ಮರದ ಪಟ್ಟಿಯನ್ನು ಗೋಡೆಗೆ ನಾಲ್ಕೈದು ಕಡೆ ಆಳವಾಗಿ ಬಿಗಿಸಿ, ಗೇಟನ್ನು ಆ ಪಟ್ಟಿಗೆ ಕೂರಿಸಲಿ. ನಮ್ಮ ಮಳೆಗಾಲದಲ್ಲಿ ಮರ ಉಬ್ಬುತ್ತದೆ ಅಲ್ವಾ, ಆಗ ಚಿಲಕ ಪೂರ್ತಿ ಬೀಳದೆ ಹೋಗಬಹುದು. ಜೂನ್‌ನಿಂದ ಆಗಾಗ ಎಳೆದು ನೋಡಿ.

ಸರಳುಗಳು ನೇರ ನಿಂತಿರಲಿ, ಅಡ್ಡ ಸರಳು ಮಗುವಿಗೆ ಏಣಿಯಾಗುತ್ತದೆ. ಸಂದು 6.5 ಸೆಂ.ಮೀ. ಮೀರದಿರಲಿ. ಮಗು ಗೇಟ್ ಹತ್ತಲು ಶುರುಮಾಡಿದರೆ, ಸಾಮಾನ್ಯವಾಗಿ 2 ವರ್ಷದ ಹೊತ್ತಿಗೆ, ಅದನ್ನು ತೆಗೆದುಬಿಡಿ. ಮೇಲಿಂದ ಬಿದ್ದರೆ ಪೆಟ್ಟು ಜಾಸ್ತಿ.